ಆಟದ ನಡುವೆ ಆಫ್ ಆಗುವ ಪಿಸಿ: ಬಿಸಿಯೋ, ಪವರ್ ಸಪ್ಲೈಯೋ?

ಪ್ರಶ್ನೆ: ನನ್ನ ಗೇಮಿಂಗ್ ಪಿಸಿಗೆ ಐದು ವರ್ಷವಾಯಿತು. ರೈಜೆನ್ 5 3600 ಪ್ರೊಸೆಸರ್, ಜಿಟಿಎಕ್ಸ್ 1660 ಸೂಪರ್ ಕಾರ್ಡ್, 450 ವ್ಯಾಟ್ ಪವರ್ ಸಪ್ಲೈ ಇದೆ. ಆಟ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಫ್ಯಾನ್‌ಗಳ ಸದ್ದು ಜೋರಾಗುತ್ತದೆ, ಆಮೇಲೆ ಪಟ್ಟನೆ ಆಫ್. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಬಿಡಲೇ?

ಉತ್ತರ: ಈಗಲೇ ಬೇಡ. ಬಿಸಿ ಹೊರಗೆ ಹೋಗದ ಕೇಸ್‌ನಲ್ಲಿ ಹೊಸ ಕಾರ್ಡೂ ಬೇಯುತ್ತದೆ, ಅಷ್ಟೇ.

ಪ್ರೊಸೆಸರ್ ಬಿಸಿಯಾದ ಕೂಡಲೇ ಆಫ್ ಆಗುವುದಿಲ್ಲ. ನಿಮ್ಮ 3600ರ ಮಿತಿ 95 ಡಿಗ್ರಿ ಸೆಲ್ಸಿಯಸ್. ಅಲ್ಲಿಗೆ ಮುಟ್ಟಿದಾಗ ಮೊದಲು ತಾನೇ ವೇಗ ಇಳಿಸಿಕೊಳ್ಳುತ್ತದೆ, ಆಟ ತಡವರಿಸುತ್ತದೆ. ಆಗಲೂ ಬಿಸಿ ಏರುತ್ತಲೇ ಹೋದರೆ ಮಾತ್ರ ಪಿಸಿ ಆಫ್ ಆಗುತ್ತದೆ. ಚೂರೂ ತಡವರಿಸದೆ ಒಮ್ಮೆಲೇ ಆಫ್ ಆಗುತ್ತಿದ್ದರೆ ನನಗೆ ಪವರ್ ಸಪ್ಲೈ ಮೇಲೆಯೇ ಅನುಮಾನ ಜಾಸ್ತಿ.

ಸುಮ್ನೆ ಊಹಿಸುವುದಕ್ಕಿಂತ ಅಳೆದು ನೋಡಿ. ಬಿಸಿ ಅಳೆದು ತೋರಿಸುವ ಎಚ್‌ಡಬ್ಲ್ಯುಇನ್ಫೋ (HWiNFO) ತಂತ್ರಾಂಶದಲ್ಲಿ ಲಾಗಿಂಗ್ (ಅಳತೆಗಳನ್ನು ಫೈಲ್‌ಗೆ ಬರೆದಿಡುವ ಸೌಲಭ್ಯ) ಆನ್ ಮಾಡಿ ಆಟಕ್ಕೆ ಕೂರಿ. ಪಿಸಿ ಆಫ್ ಆದರೂ ಲಾಗ್ ಫೈಲ್ ಉಳಿದಿರುತ್ತದೆ, ಅದರ ಕೊನೆಯ ಸಾಲುಗಳನ್ನು ಓದಿ. ಪ್ರೊಸೆಸರ್ 95ರ ಆಸುಪಾಸಿನಲ್ಲಿದ್ದರೆ ಕೂಲಿಂಗ್ ಸಮಸ್ಯೆ. ಪ್ರೊಸೆಸರ್, ಕಾರ್ಡ್ ಎರಡೂ 70ರಲ್ಲೇ ಇದ್ದರೆ ಬಿಸಿಯನ್ನು ದೂರಿ ಪ್ರಯೋಜನವಿಲ್ಲ. ಅಂದಹಾಗೆ, ವಿಂಡೋಸ್ ತನ್ನ ದೋಷಗಳನ್ನು ದಾಖಲಿಸುವ ಈವೆಂಟ್ ವ್ಯೂವರ್‌ನಲ್ಲಿ 'ಕರ್ನಲ್-ಪವರ್ 41' ಅಂತ ಕಂಡರೆ ಗಾಬರಿಯಾಗಬೇಡಿ. ಪಿಸಿ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಅದರ ಅರ್ಥ, ಅದು ನಿಮಗೆ ಗೊತ್ತೇ ಇದೆಯಲ್ಲ!

ಬಿಸಿಯೇ ಕಾರಣವಾದರೆ, ಕೇಸ್‌ನ ಪಕ್ಕದ ಮುಚ್ಚಳ ತೆಗೆದು ಒಮ್ಮೆ ಆಡಿ. ಹತ್ತು ಡಿಗ್ರಿ ಇಳಿಯಿತೇ? ಹಾಗಿದ್ದರೆ ಒಳಗೆ ಗಾಳಿ ಓಡಾಡುತ್ತಿಲ್ಲ. ಫಿಲ್ಟರ್‌ನ ಧೂಳು ತೆಗೆಯಿರಿ, ಯಾವುದಾದರೂ ಫ್ಯಾನ್ ಉಲ್ಟಾ ಕೂತಿದೆಯೇ ನೋಡಿ. ಏರ್ ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಒತ್ತಿಕೊಳ್ಳಿ. ಮುಚ್ಚಳ ತೆಗೆದರೂ ಬಿಸಿ ಇಳಿಯದಿದ್ದರೆ, ಪ್ರೊಸೆಸರ್‌ಗೂ ಅದರ ಮೇಲಿನ ಕೂಲರಿಗೂ ನಡುವೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರಬಹುದು. ಪೇಸ್ಟ್ ಬದಲಿಸುವಾಗ ಕೂಲರನ್ನು ನೇರ ಮೇಲಕ್ಕೆ ಎಳೆಯಬೇಡಿ. ನಿಮ್ಮ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್‌ನಲ್ಲಿ ಪ್ರೊಸೆಸರ್ ಕೂಲರಿಗೇ ಅಂಟಿಕೊಂಡು ಕಿತ್ತು ಬರಬಹುದು, ಪಿನ್‌ಗಳು ಬಾಗಬಹುದು. ಮೊದಲು ಸ್ವಲ್ಪ ಹೊತ್ತು ಪಿಸಿ ಓಡಿಸಿ ಬೆಚ್ಚಗೆ ಮಾಡಿ. ಆಮೇಲೆ ಆಫ್ ಮಾಡಿ, ಪ್ಲಗ್ ತೆಗೆದು, ಕೂಲರನ್ನು ಅತ್ತಿತ್ತ ಮೆಲ್ಲಗೆ ತಿರುವಿ ಬಿಡಿಸಿ.

ಪವರ್ ಸಪ್ಲೈ ವಿಷಯಕ್ಕೆ ಬಂದರೆ, ಲೆಕ್ಕದಲ್ಲಿ 450 ವ್ಯಾಟ್ ಧಾರಾಳ. ಪ್ರೊಸೆಸರ್ 65, ಕಾರ್ಡ್ 125 ವ್ಯಾಟ್‌ನದು. ಆದರೆ ಹಳೆಯದಾದಂತೆ ಅದರ ತಾಕತ್ತು ಕುಗ್ಗುತ್ತದೆ. ಸ್ನೇಹಿತರ ಹತ್ತಿರ ಒಂದು ಎರವಲು ತಂದು, ಅದರ ಜೊತೆ ಬಂದ ಕೇಬಲ್‌ಗಳನ್ನೇ ಹಾಕಿ ಪರೀಕ್ಷಿಸಿ. ನಿಮ್ಮದನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳು ಶಾಕ್ ಹೊಡೆಯಬಲ್ಲವು.

ಇದೆಲ್ಲ ಸರಿಹೋದ ಮೇಲೆ ಅಪ್‌ಗ್ರೇಡ್ ಮಾತು. ಆಡುವಾಗ ಕಾರ್ಡ್‌ನ ಬಳಕೆ 97–99 ಶೇಕಡಾ ಇದ್ದರೆ ಕಾರ್ಡ್ ಬದಲಿಸಬಹುದು. ಬಳಕೆ 60 ಶೇಕಡಾದಲ್ಲೇ ನಿಂತು ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಬೀಳುತ್ತಿದ್ದರೆ ಪ್ರೊಸೆಸರ್ ಸೋಲುತ್ತಿದೆ ಎಂದರ್ಥ. ಆಗ ರೈಜೆನ್ 7 5800ಎಕ್ಸ್3ಡಿ ಸಿಕ್ಕರೆ ಒಳ್ಳೆಯ ಆಯ್ಕೆ. ನಿಮ್ಮ ಮದರ್‌ಬೋರ್ಡ್‌ಗೆ ಅದನ್ನು ಗುರುತಿಸುವ ಬಯಾಸ್ (ಬೋರ್ಡ್‌ನೊಳಗಿನ ಮೂಲ ತಂತ್ರಾಂಶ) ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಅದು 105 ವ್ಯಾಟ್‌ನದು, ಜೊತೆಗೆ ಕೂಲರ್ ಬರುವುದಿಲ್ಲ. 3600ರ ಜೊತೆ ಬಂದ ಆ ಪುಟ್ಟ ಕೂಲರ್ ಅದಕ್ಕೆ ಸಾಲದು.