ಎಐ ಹತ್ತಕ್ಕೆ ಒಂಬತ್ತು ಕೊಟ್ಟಿದೆ, ಸಾಲ ತೆಗೆಯಬಹುದಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಧಾಟಿಯವು. ನಮ್ಮ ಸಂಸ್ಥೆಯ ಯೋಜನೆಯನ್ನು ಎಐಗೆ ತೋರಿಸಿದೆವು, ಅದು ಹೀಗಂದಿತು, ಮುಂದೇನು? ಹಿಂದೆಯೂ ಇದಕ್ಕೆ ಉತ್ತರ ಕೊಟ್ಟಿದ್ದೇನೆ. ಆದರೂ ಬರ್ತಾನೇ ಇವೆ. ಹಾಗಾಗಿ ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ, ಉಳಿದವಕ್ಕೆ ಚುಟುಕಾಗಿ. ಬೈಲಾ, ಬ್ಯಾಲೆನ್ಸ್ ಶೀಟ್ ಓದುವುದು ಹೇಗೆ ಅಂತೆಲ್ಲ ಇಲ್ಲಿ ಹೇಳುವುದಿಲ್ಲ. ನಿರ್ದೇಶಕರ ಕುರ್ಚಿಯಲ್ಲಿ ಕೂತವರಿಗೆ ಅಷ್ಟು ಗೊತ್ತಿರಬೇಕು.

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆಯ ರೈತ ಉತ್ಪಾದಕರ ಕಂಪನಿ. 600 ಷೇರುದಾರರು. ರಾಗಿ ಹಿಟ್ಟು, ಹುರಿಹಿಟ್ಟು, ಮಾಲ್ಟ್ ಮಾಡಿ ನಮ್ಮದೇ ಬ್ರ್ಯಾಂಡಿನಲ್ಲಿ ಬೆಂಗಳೂರಿಗೆ ಮಾರುವ ಐದು ವರ್ಷದ ಯೋಜನೆ ಇದೆ. ಸದಸ್ಯರಿಂದ ವರ್ಷಕ್ಕೆ 2,000 ಕ್ವಿಂಟಲ್ ರಾಗಿ ಕೊಳ್ಳುವ ಗುರಿ. ಎಐ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟು ‘ದೂರದೃಷ್ಟಿಯ ಯೋಜನೆ’ ಅಂದಿದೆ. ಯಂತ್ರಕ್ಕೆ ಸಾಲ ತೆಗೆಯಬಹುದಾ?

ತೆಗೆಯಬೇಡಿ. ಈಗಲೇ ಬೇಡ.

ಮೊದಲು ಆ ಒಂಬತ್ತು ಅಂಕ ಮರೆತುಬಿಡಿ. ಎದುರಿಗಿರುವವರನ್ನು ಮೆಚ್ಚಿಸುವ ಚಾಳಿ ಚಾಟ್‌ಬಾಟ್‌ಗಳಿಗೆ ಇದೆ. ಜನ ಯಾವ ಉತ್ತರಕ್ಕೆ ಜಾಸ್ತಿ ಮೆಚ್ಚುಗೆ ಒತ್ತುತ್ತಾರೋ ಅದರಿಂದಲೂ ಅವು ಕಲಿಯುತ್ತವೆ. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ತನ್ನ ಚಾಟ್‌ಜಿಪಿಟಿಯ ಜಿಪಿಟಿ-4ಓ ಮಾದರಿಗೆ ಒಂದು ಅಪ್‌ಡೇಟ್ ಕೊಟ್ಟಿತು. ಅದು ಎಲ್ಲರನ್ನೂ ಎಲ್ಲದಕ್ಕೂ ಹೊಗಳತೊಡಗಿ, ಕೆಲವೇ ದಿನಗಳಲ್ಲಿ ಕಂಪನಿಯೇ ಅದನ್ನು ವಾಪಸ್ ಪಡೆಯಿತು. ಈಗ ಪರಿಸ್ಥಿತಿ ಅಷ್ಟು ಕೆಟ್ಟಿಲ್ಲ. ಆದರೆ ‘ಇದು ನಾವು ಕಷ್ಟಪಟ್ಟು ಮಾಡಿದ ಯೋಜನೆ, ಹೇಗಿದೆ ಹೇಳಿ’ ಅಂತ ಕೇಳಿದರೆ ಹುಡುಗನ ತಾಯಿಯನ್ನೇ ಹುಡುಗ ಹೇಗೆ ಅಂತ ಕೇಳಿದ ಹಾಗೆ.

ಈಗ ಯೋಜನೆಗೆ ಬರೋಣ. ನೀವು ಕಳಿಸಿದ ಪ್ರತಿಯಲ್ಲಿ ಲೋಗೊ ಇದೆ, ಪ್ಯಾಕೆಟ್ಟಿನ ಬಣ್ಣವಿದೆ, ಇನ್‌ಸ್ಟಾಗ್ರಾಮ್ ಇದೆ. ಸದಸ್ಯ ತನ್ನ ರಾಗಿಯನ್ನು ನಿಮಗೇ ಯಾಕೆ ಕೊಡಬೇಕು ಅನ್ನುವುದು ಎಲ್ಲೂ ಇಲ್ಲ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಅದರ ಹಿಂದಿನ ವರ್ಷ 4,290 ಇತ್ತು. ಪೇಟೆ ಬೆಲೆ ಇದಕ್ಕಿಂತ ಕೆಳಗಿದ್ದರೆ ನಿಮ್ಮ ಸದಸ್ಯ ಫ್ರೂಟ್ಸ್ ಐಡಿ (ರಾಜ್ಯ ಸರ್ಕಾರದ ರೈತ ನೋಂದಣಿ ಸಂಖ್ಯೆ) ಹಿಡಿದು ಸರ್ಕಾರದ ಖರೀದಿ ಕೇಂದ್ರಕ್ಕೆ ಹೋಗುತ್ತಾನೆ. ಮೇಲಿದ್ದರೆ ಕಣಕ್ಕೇ ಬಂದು ನಗದು ಎಣಿಸುವ ವ್ಯಾಪಾರಿಗೆ ಅಳೆದು ಕೊಡುತ್ತಾನೆ. ಎರಡೂ ಕಡೆ ನಿಮಗೆ ಉಳಿಯುವುದು ಮಿಕ್ಕಿದ್ದು. ಇಡೀ ಯೋಜನೆ ಈ ಒಂದು ಗಂಟಿನ ಮೇಲೆ ನಿಂತಿದೆ, ಬ್ರ್ಯಾಂಡಿನ ಮೇಲಲ್ಲ.

ದುಡ್ಡಿನ ಲೆಕ್ಕ ನೋಡಿ. 600 ಜನ ತಲಾ 2,000 ರೂಪಾಯಿ ಷೇರು ಹಾಕಿದ್ದಾರೆ ಎಂದರೆ 12 ಲಕ್ಷ. ಕೇಂದ್ರದ 10,000 ಎಫ್‌ಪಿಒ (ರೈತ ಉತ್ಪಾದಕ ಸಂಸ್ಥೆ) ಯೋಜನೆಯಲ್ಲಿ ಅಷ್ಟೇ ಮೊತ್ತದ ಸಮಪಾಲು ಅನುದಾನವೂ ಬಂತು ಎನ್ನೋಣ. ಅದರ ಮಿತಿ ಹೇಗೂ 15 ಲಕ್ಷ. ಒಟ್ಟು 24 ಲಕ್ಷ. ಬೆಂಬಲ ಬೆಲೆಯನ್ನೇ ಕೊಟ್ಟರೂ ಅದರಲ್ಲಿ ಬರುವುದು ಸುಮಾರು 491 ಕ್ವಿಂಟಲ್. ನಿಮ್ಮ 2,000 ಕ್ವಿಂಟಲ್‌ಗೆ ಬೇಕಾಗುವುದು 97 ಲಕ್ಷದ 72 ಸಾವಿರ. ಸ್ವಲ್ಪ ಸ್ವಲ್ಪ ಕೊಳ್ಳುತ್ತೇವೆ ಅಂತೀರಾ? ಸುಗ್ಗಿ ಇರೋದು ಎರಡು ಮೂರು ತಿಂಗಳು, ಹಿಟ್ಟು ಮಾರೋದು ಹನ್ನೆರಡು ತಿಂಗಳು. ಮೇ ತಿಂಗಳಲ್ಲಿ ನಿಮಗಾಗಿ ರಾಗಿ ಇಟ್ಟುಕೊಂಡು ಯಾವ ಸದಸ್ಯ ಕಾಯುತ್ತಾನೆ? ನೀವು ಕೇಳುತ್ತಿರುವುದು ಯಂತ್ರದ ಸಾಲ. ನಿಮಗೆ ಇಲ್ಲದಿರುವುದು ದುಡಿಯುವ ಬಂಡವಾಳ, ಅಂದರೆ ಸುಗ್ಗಿಯಲ್ಲಿ ರಾಗಿ ಕೊಳ್ಳುವ ನಗದು.

ಇದನ್ನು ಕಂಡುಹಿಡಿಯೋಕೆ ನಾನು ಬೇಕಿರಲಿಲ್ಲ. ನಿಮ್ಮ ಯೋಜನೆಯನ್ನು ನಾನೂ ಎಐಗೆ ಕೊಟ್ಟೆ, ಪ್ರಶ್ನೆ ಬೇರೆ. ‘ಇದು ಬೇರೆ ಯಾರೋ ತಂದ ಪ್ರಸ್ತಾವ. ಇದು ನಿಲ್ಲಬೇಕಾದರೆ ಏನೇನು ನಿಜವಾಗಿರಲೇಬೇಕು? ಅದರಲ್ಲಿ ಯಾವುದಕ್ಕೆ ಇಲ್ಲಿ ಪುರಾವೆ ಇಲ್ಲ?’ ಅಂಕ ಕೇಳಲಿಲ್ಲ, ಅಭಿಪ್ರಾಯ ಕೇಳಲಿಲ್ಲ. ಸದಸ್ಯರ ಪೂರೈಕೆ, ಸುಗ್ಗಿಯ ನಗದು ಎರಡನ್ನೂ ಅದು ಶುರುವಿನಲ್ಲೇ ಎತ್ತಿತು. ಅದರ ಜೊತೆಗೇ ರಾಗಿ ಹಿಟ್ಟು ವಾರದಲ್ಲಿ ಕಮಟಾಗುತ್ತದೆ ಅಂತಲೂ ಧೈರ್ಯವಾಗಿ ಹೇಳಿತು. ಬೇಗ ಕಮಟಾಗುವುದು ಸಜ್ಜೆ ಹಿಟ್ಟು. ರಾಗಿಯಲ್ಲಿ ಎಣ್ಣೆ ಅಂಶ ಕಡಿಮೆ, ಅಷ್ಟು ಬೇಗ ಕೆಡುವುದಿಲ್ಲ. ನಿಮ್ಮೂರಿನ ಯಾವ ಅಜ್ಜಿಯಾದರೂ ಹೇಳಿಯಾರು. ಸರಿಯಾದ ಟೀಕೆಯನ್ನೂ ತಪ್ಪು ಟೀಕೆಯನ್ನೂ ಎಐ ಒಂದೇ ದನಿಯಲ್ಲಿ ಹೇಳುತ್ತದೆ. ಹಾಗಾಗಿ ಅದರ ಟೀಕೆ ತೀರ್ಪಲ್ಲ. ಊರಲ್ಲಿ ಹೋಗಿ ಕೇಳಿಕೊಂಡು ಬರಬೇಕಾದ ಪ್ರಶ್ನೆಗಳ ಪಟ್ಟಿ, ಅಷ್ಟೇ.

ಇನ್ನೊಂದು ಎಚ್ಚರ. ‘ಇದನ್ನು ಹರಿದು ಹಾಕು’ ಅಂದರೆ ಅದು ಹರಿದೇ ಹಾಕುತ್ತದೆ, ಒಳ್ಳೆಯ ಯೋಜನೆಯಾದರೂ ಸರಿ. ಅದೂ ಮೆಚ್ಚಿಸುವುದೇ ಅಲ್ವಾ? ನಾನು ಮಾಡುವುದು ಹೀಗೆ. ಒಂದು ಹೊಸ ಚಾಟ್‌ನಲ್ಲಿ ವಿರೋಧಿಸಲು ಹೇಳುತ್ತೇನೆ, ಇನ್ನೊಂದು ಹೊಸ ಚಾಟ್‌ನಲ್ಲಿ ಸಮರ್ಥಿಸಲು. ಹಳೇ ಚಾಟ್ ಮುಂದುವರಿಸುವುದಿಲ್ಲ, ಅದಕ್ಕೆ ನನ್ನ ಮನಸ್ಸು ಆಗಲೇ ಗೊತ್ತಾಗಿರುತ್ತದೆ. ಎರಡೂ ಕಡೆಯ ವಾದ ಯಾವ ಊಹೆಯ ಮೇಲೆ ನಿಂತಿದೆಯೋ ಅಲ್ಲಿ ಪೆನ್ಸಿಲ್ ಗುರುತು ಹಾಕುತ್ತೇನೆ. ನಿಮ್ಮದರಲ್ಲಿ ಎರಡು ಕಡೆಯೂ ‘ಸದಸ್ಯರು ರಾಗಿ ಕೊಟ್ಟರೆ’ ಅನ್ನುವಲ್ಲೇ ಬಂದು ನಿಂತವು.

ಆಮೇಲೆ ಎಐ ಮುಚ್ಚಿಟ್ಟು ಸದಸ್ಯರ ಮನೆಗೆ ಹೋಗಿ. ದೊಡ್ಡ ಹಿಡುವಳಿಯವರು, ಚಿಕ್ಕವರು ಇಬ್ಬರ ಮನೆಗೂ. ‘ನಮಗೆ ಕೊಡ್ತೀರಾ?’ ಅಂತ ಕೇಳಬೇಡಿ. ಎಲ್ಲರೂ ‘ಕೊಡ್ತೀವಿ ಸ್ವಾಮಿ’ ಅಂತಾರೆ, ಕಾಫಿನೂ ಕೊಡ್ತಾರೆ. ‘ಹೋದ ವರ್ಷ ಯಾರಿಗೆ ಮಾರಿದ್ರಿ? ಎಷ್ಟಕ್ಕೆ? ದುಡ್ಡು ಕೈಗೆ ಬಂದಿದ್ದು ಯಾವಾಗ? ಮನೆಗೆ ಎಷ್ಟು ಇಟ್ಕೊಂಡ್ರಿ?’ ಅಂತ ಕೇಳಿ. ನಾಲ್ಕನೇ ಪ್ರಶ್ನೆ ಬಿಡಬೇಡಿ. ಮನೆಬಳಕೆಯ ರಾಗಿಯನ್ನೂ ಮಾರಾಟದ ಲೆಕ್ಕಕ್ಕೆ ಸೇರಿಸಿಕೊಂಡ ಯೋಜನೆಗಳನ್ನು ನಾನು ನೋಡಿದ್ದೇನೆ.

ಉತ್ತರ ಬಂದ ಮೇಲೆ ನಿಮ್ಮ ಮುಂದೆ ನಿಜವಾದ ಆಯ್ಕೆಗಳು ಕಾಣುತ್ತವೆ. ಬಿತ್ತನೆ ಹೊತ್ತಿಗೇ ಬೀಜ, ಗೊಬ್ಬರ ಕೊಟ್ಟು ರಾಗಿಯಲ್ಲಿ ತೀರಿಸಿಕೊಳ್ಳಬಹುದು. ಅದು ಸಾಲ ವಸೂಲಿಯ ಕಷ್ಟ. ಸದಸ್ಯರ ಹಂಗು ಬಿಟ್ಟು ಪೇಟೆಯಲ್ಲಿ ಕೊಂಡು ಬರೀ ಮಿಲ್ ನಡೆಸಬಹುದು. ಆಗ ನೀವು ಯಾಕೆ ರೈತರ ಕಂಪನಿ ಅನ್ನುವ ಪ್ರಶ್ನೆ ಏಳುತ್ತದೆ. ಇಲ್ಲವೇ ಸಣ್ಣದಾಗಿ, 300 ಕ್ವಿಂಟಲ್‌ನಿಂದ, ಬಾಡಿಗೆ ಗಿರಣಿಯಲ್ಲಿ ಶುರು ಮಾಡಬಹುದು. ನಾನಾದರೆ ಇದನ್ನೇ ಮಾಡುತ್ತೇನೆ. ನಾನು ಸ್ವಲ್ಪ ಪುಕ್ಕಲ ಅಂತ ಗೊತ್ತಿರುವವರು ಹೇಳುತ್ತಾರೆ, ಇರಲಿ. ಒಂದನ್ನು ಹಿಡಿದು ಉಳಿದೆರಡನ್ನು ಬಿಟ್ಟಾಗಲೇ ಅದು ತಂತ್ರ. ಮೂರನ್ನೂ ಮಾಡುತ್ತೇವೆ ಅಂದರೆ ಅದು ಆಸೆ ಪಟ್ಟಿ. ಆಸೆ ಪಟ್ಟಿಯನ್ನು ಯಾವ ಟೀಕಾಕಾರನೂ ಪರೀಕ್ಷೆ ಮಾಡಲಾರ, ಅದರಲ್ಲಿ ತಪ್ಪಾಗಲು ಏನೂ ಇರುವುದಿಲ್ಲ.

ಕೊನೆಗೆ ಎಕ್ಸೆಲ್ ತೆರೆಯಿರಿ. ಲೆಕ್ಕವನ್ನು ಚಾಟ್ ಒಳಗೆ ಮಾಡಿಸಬೇಡಿ. ರಾಗಿ ಅರ್ಧವೇ ಬಂತು, ಬೆಲೆ ಶೇ 15 ಏರಿತು, ಬೆಂಗಳೂರಿನ ಅಂಗಡಿಯವರು ಎರಡು ತಿಂಗಳು ತಡವಾಗಿ ದುಡ್ಡು ಕೊಟ್ಟರು. ಮೂರನ್ನೂ ಒಟ್ಟಿಗೆ ಹಾಕಿ ನೋಡಿ. ಬೇರೆ ಬೇರೆ ಹಾಕಿದರೆ ಎಲ್ಲ ಯೋಜನೆಗಳೂ ಉಳಿಯುತ್ತವೆ. ಪ್ಯಾಕೆಟ್ ಮಾಡಿ ಲೇಬಲ್ ಹಚ್ಚಿದ ಹಿಟ್ಟಿಗೆ ಶೇ 5 ಜಿಎಸ್‌ಟಿ ಇದೆ, ನಿಮ್ಮ ಲೆಕ್ಕದಲ್ಲಿ ಅದು ಕಾಣಲಿಲ್ಲ. ಮತ್ತೆ ಸಭೆಯ ನಡಾವಳಿಯಲ್ಲಿ ಒಂದು ಸಾಲು ಬರೆದಿಡಿ: ಜನವರಿ 31ರೊಳಗೆ ಸದಸ್ಯರಿಂದ ಇಷ್ಟು ಕ್ವಿಂಟಲ್ ಬಾರದಿದ್ದರೆ ಯಂತ್ರಕ್ಕೆ ಆರ್ಡರ್ ಕೊಡುವುದಿಲ್ಲ. ಈಗಲೇ ಬರೆಯಿರಿ. ಜನವರಿಯಲ್ಲಿ ಬರೆಯೋಕೆ ಕೂತರೆ ಆ ‘ಇಷ್ಟು’ ತಾನಾಗೇ ಕಡಿಮೆಯಾಗುತ್ತದೆ.

ಪ್ರಶ್ನೆ: ತಂತ್ರ ರೂಪಿಸೋಕೆ ಯಾವ ಎಐ ಒಳ್ಳೆಯದು?

ನಿಮ್ಮ ಹತ್ತಿರ ಈಗ ಇರುವುದು. ಮುಂದಿನ ಪ್ರಶ್ನೆ.

ಪ್ರಶ್ನೆ: ಎಐಗೆ ಐದು ಪಾತ್ರ ಕೊಟ್ಟಿದ್ದೇನೆ: ಬ್ಯಾಂಕ್ ಮ್ಯಾನೇಜರ್, ಪ್ರತಿಸ್ಪರ್ಧಿ, ಗ್ರಾಹಕ, ಆಡಿಟರ್, ರೈತ. ಐದೂ ಒಪ್ಪಿದರೆ ಯೋಜನೆ ಗಟ್ಟಿ ತಾನೆ?

ಅಲ್ಲ. ಐದು ವೇಷ, ಒಳಗಿರೋದು ಒಬ್ಬನೇ. ಅವನಿಗೆ ಗೊತ್ತಿಲ್ಲದ್ದು ಐದು ಜನಕ್ಕೂ ಗೊತ್ತಿಲ್ಲ. ವೇಷದಿಂದ ಪ್ರಶ್ನೆಗಳ ವೈವಿಧ್ಯ ಸಿಗುತ್ತದೆ, ಅಷ್ಟಕ್ಕೆ ಬಳಸಿ. ಮತ ಎಣಿಸಬೇಡಿ. ಬರ್ಕ್ಲಿಯ ಮನಶ್ಶಾಸ್ತ್ರಜ್ಞೆ ಚಾರ್ಲನ್ ನೆಮೆತ್ ಅವರು ಎಐ ಬರುವ ಎಷ್ಟೋ ಮೊದಲು ಮನುಷ್ಯರ ಗುಂಪುಗಳ ಮೇಲೆ ಪ್ರಯೋಗ ಮಾಡಿದ್ದರು. ವಿರೋಧಿಯ ಪಾತ್ರ ವಹಿಸಿದವನಿಗಿಂತ ನಿಜವಾಗಿ ಒಪ್ಪದ ಒಬ್ಬ ವ್ಯಕ್ತಿ ಇದ್ದ ಗುಂಪು ಹೆಚ್ಚು ಚೆನ್ನಾಗಿ ಯೋಚಿಸುತ್ತದೆ ಎಂದು ಅವುಗಳಲ್ಲಿ ಕಂಡಿತು. ನಿಮ್ಮ ಮಹಾಸಭೆಯಲ್ಲಿ ಪ್ರತಿ ವರ್ಷ ಎದ್ದು ನಿಂತು ಜಗಳ ತೆಗೆಯುವ ಒಬ್ಬ ಸದಸ್ಯ ಇರ್ತಾನಲ್ಲ, ಯೋಜನೆಯನ್ನು ಅವನ ಕೈಗೆ ಕೊಡಿ.

ಪ್ರಶ್ನೆ: ‘ಕಾರ್ಪೊರೇಟ್ ತಂತ್ರಕ್ಕೆ ಸಿದ್ಧ ಪ್ರಾಂಪ್ಟ್‌ಗಳು’ (ಎಐಗೆ ಕೊಡುವ ಸೂಚನೆಗಳು) ಅಂತ ಒಬ್ಬರು 4,999 ರೂಪಾಯಿಗೆ ಕೋರ್ಸ್ ಮಾರುತ್ತಿದ್ದಾರೆ. ಸೇರಬಹುದಾ?

ನನಗೆ ಅತಿ ಹೆಚ್ಚು ಸಿಟ್ಟು ಬರಿಸುವವರು ಇವರೇ. ಆ ಪ್ರಾಂಪ್ಟ್‌ಗಳನ್ನು ಬರೆದಿದ್ದೂ ಎಐ ಆಗಿರುತ್ತದೆ. ನಿಮ್ಮ ಸಂಸ್ಥೆಯ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ. ರಾಗಿ ಕಂಪನಿಗೂ ನರ್ಸಿಂಗ್ ಹೋಮಿಗೂ ಒಂದೇ ಪ್ರಾಂಪ್ಟ್ ಮಾರುತ್ತಾರೆ. ಆ ದುಡ್ಡಲ್ಲಿ ಸದಸ್ಯರ ಮನೆಗಳಿಗೆ ಓಡಾಡೋಕೆ ಪೆಟ್ರೋಲ್ ಹಾಕಿಸಿ.

ಪ್ರಶ್ನೆ: ಸದಸ್ಯರ ಪಟ್ಟಿ, ಬ್ಯಾಂಕ್ ವಿವರ ಎಲ್ಲ ಹಾಕಿದರೆ ಎಐ ಇನ್ನೂ ಚೆನ್ನಾಗಿ ವಿಮರ್ಶೆ ಮಾಡುತ್ತಾ?

ಇಲ್ಲ, ಹಾಕಬೇಡಿ. ಆಧಾರ್ ಸಂಖ್ಯೆ, ಖಾತೆ ಸಂಖ್ಯೆ ಇಲ್ಲದೆಯೂ ಯೋಜನೆಯ ತೂತು ಕಾಣುತ್ತದೆ. ಅದು ಸದಸ್ಯರ ಸ್ವತ್ತು, ನಿಮ್ಮದಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸುಮ್ನೆ ಬಂದಿಲ್ಲ.

ಪ್ರಶ್ನೆ: ಸ್ವಾಟ್ ಪಟ್ಟಿ (ಶಕ್ತಿ, ದೌರ್ಬಲ್ಯ, ಅವಕಾಶ, ಅಪಾಯ) ಮಾಡಿಸಿದ್ದೇವೆ, ಸಾಕಲ್ವಾ?

ಸಾಲದು. ಗೋಡೆಗೆ ಹಚ್ಚೋಕೆ ಚೆನ್ನಾಗಿರುತ್ತದೆ.

ಪ್ರಶ್ನೆ: ನಮ್ಮ ಅಧ್ಯಕ್ಷರಿಗೆ ಟೀಕೆ ಅಂದರೆ ಆಗದು. ಎಐ ಹೇಳಿದ ದೋಷಗಳನ್ನು ಸಭೆಯಲ್ಲಿ ಹೇಗೆ ಇಡಲಿ?

ಎಐ ಹೇಳಿತು ಅಂತ ಇಡಬೇಡಿ. ‘ಕಂಪ್ಯೂಟರಿಗೇನು ಗೊತ್ತು’ ಅಂತ ಅಲ್ಲಿಗೇ ಮುಗಿಸುತ್ತಾರೆ. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ವಿವರಿಸಿದ ‘ಪ್ರೀ-ಮಾರ್ಟಮ್’ ವಿಧಾನ ಬಳಸಿ. ಸಭೆಯ ಶುರುವಿನಲ್ಲಿ ಹೀಗೆ ಹೇಳಿ: ‘ಇದು ಎರಡು ವರ್ಷದ ನಂತರ. ನಮ್ಮ ಯೋಜನೆ ಪೂರ್ತಿ ಮುಳುಗಿದೆ. ಯಾಕೆ ಮುಳುಗಿತು ಅಂತ ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಿರಿ.’ ಐದು ನಿಮಿಷ, ಮಾತಿಲ್ಲ. ಮುಳುಗಿದೆ ಅಂತ ಮೊದಲೇ ಒಪ್ಪಿಕೊಂಡಿರುವುದರಿಂದ ಕಾರಣ ಹೇಳುವವನು ಅಪಶಕುನ ನುಡಿದವನಾಗುವುದಿಲ್ಲ. ಅಧ್ಯಕ್ಷರೂ ಒಂದು ಚೀಟಿ ಬರೆಯಲಿ. ಚೀಟಿಗಳನ್ನು ಕಲೆಸಿ ಕಾರ್ಯದರ್ಶಿ ಓದಲಿ. ಎಐ ಕೊಟ್ಟ ಪಟ್ಟಿ ನಿಮ್ಮ ಜೇಬಿನಲ್ಲೇ ಇರಲಿ. ಚೀಟಿಗಳಲ್ಲಿ ಬಾರದ್ದು ಏನಾದರೂ ಅದರಲ್ಲಿ ಉಳಿದಿದ್ದರೆ, ಅದನ್ನು ನಿಮ್ಮ ಚೀಟಿಯಾಗಿ ಕೊನೆಗೆ ಓದಿ.