ಹತ್ತು ಮಕ್ಕಳು ಬೇಡ, ಐದೇ ಸಾಕು

ಪ್ರಶ್ನೆ: ನಮ್ಮ ತಾಯಿ ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆಗಿದ್ದರು. ಹೋದ ವರ್ಷ ತೀರಿಕೊಂಡರು. ಅವರ ಹೆಸರಿನಲ್ಲಿ ವರ್ಷಕ್ಕೆ 10 ಮಕ್ಕಳಿಗೆ ತಲಾ 5,000 ರೂಪಾಯಿ ಕೊಡೋಣ ಅಂತ ಒಡಹುಟ್ಟಿದವರೆಲ್ಲ ಸೇರಿ 6 ಲಕ್ಷ ಕೂಡಿಸಿದ್ದೇವೆ. ಟ್ರಸ್ಟ್ ಮಾಡಲೇಬೇಕಾ? ಊರಿನ ಸೌಹಾರ್ದ ಸಹಕಾರಿಯಲ್ಲಿ ಶೇ 9 ಬಡ್ಡಿ ಇದೆ, ಅಲ್ಲೇ ಇಡೋಣ ಅನ್ನುತ್ತಾನೆ ಅಣ್ಣ.
– ಓದುಗರು, ಸಾಗರ

ಉತ್ತರ: ಅಣ್ಣನ ಲೆಕ್ಕ ಗೊತ್ತಾಯಿತು. ಶೇ 9 ಅಂದರೆ 54,000. ಹತ್ತು ಮಕ್ಕಳಿಗೆ ಕೊಟ್ಟು ಹಾರ-ತುರಾಯಿಗೂ ಉಳಿಯುತ್ತದೆ! ಆದರೆ ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷದ ವಿಮೆ, ಬ್ಯಾಂಕ್ ಲೈಸೆನ್ಸ್ ಇಲ್ಲದ ಸಹಕಾರಿಗಳಿಗೆ ಇಲ್ಲ. ಸ್ವಂತ ದುಡ್ಡಾದರೆ ನಿಮ್ಮಿಷ್ಟ. ಅಮ್ಮನ ಹೆಸರಿನ ದುಡ್ಡಿಗೆ ಬೇಡ. ಎರಡು ಬ್ಯಾಂಕುಗಳಲ್ಲಿ ಮೂರು ಮೂರು ಲಕ್ಷ ಇಡಿ. ಅಸಲು, ಬಡ್ಡಿ ಎರಡೂ ವಿಮೆಯ ಮಿತಿಯೊಳಗೇ ಇರುತ್ತವೆ.

ಶೇ 7 ಸಿಕ್ಕಿದರೆ ವರ್ಷಕ್ಕೆ 42,000. ಅಷ್ಟನ್ನೂ ಹಂಚಬೇಡಿ. ನಾನು ಬ್ಯಾಂಕಿನಲ್ಲಿದ್ದಾಗ ಶಾಲೆಗಳ ದತ್ತಿ ಠೇವಣಿ ಎಷ್ಟೋ ನೋಡಿದ್ದೇನೆ. ಒಂದರಲ್ಲಿ 1995ರಲ್ಲಿ 5,000 ಇಟ್ಟಿದ್ದರು. ಆಗಿನ ಶೇ 12ರಂತೆ 600 ಬಡ್ಡಿ. ಒಂದು ಮಗುವಿನ ಯೂನಿಫಾರಂ, ನೋಟ್‌ಬುಕ್ಕಿಗೆ ಆಗುತ್ತಿತ್ತು. ಈಗ ಶೇ 7ರಂತೆ 350. ಅದನ್ನೂ ಮೂವರಿಗೆ ಹಂಚುತ್ತಾರೆ. ಕವರಿನ ಮೇಲೆ ದಾನಿಯ ಹೆಸರು ಎರಡು ಸಾಲು, ಒಳಗೆ ನೂರು ಚಿಲ್ಲರೆ! ಬಡ್ಡಿ ಇಳಿಯಿತು, ಬೆಲೆ ಏರಿತು, ಇಡಿಗಂಟು ಮಾತ್ರ ಇದ್ದಲ್ಲೇ ಇತ್ತು. ಅದಕ್ಕೇ ಸದ್ಯ ಐದು ಮಕ್ಕಳಿಗೆ 25,000 ಕೊಡಿ. ಉಳಿದ 17,000 ಪ್ರತಿವರ್ಷ ಇಡಿಗಂಟಿಗೆ ಸೇರಲಿ. ಮುಂದೆ ಮಕ್ಕಳ ಸಂಖ್ಯೆ ಹೆಚ್ಚಿಸಿದರೆ ಯಾರೂ ಬೇಡ ಅನ್ನಲ್ಲ, ಕಮ್ಮಿ ಮಾಡೋದು ಮುಜುಗರ ಅಲ್ವಾ?

ಇಷ್ಟಕ್ಕೆ ಸುಮ್ನೆ ಟ್ರಸ್ಟ್ ಯಾಕೆ? ಡೀಡು, ಪ್ಯಾನ್, ರಿಟರ್ನು, ಆಡಿಟರ್ ಫೀಸು ಅಂತ ಬಡ್ಡಿಯ ಒಂದು ಪಾಲು ಅಲ್ಲಿಗೇ ಹೋಗುತ್ತದೆ. ಜೊತೆಗೆ ತೆರಿಗೆ ವಿನಾಯಿತಿ ಪಡೆದ ಟ್ರಸ್ಟ್ ಸಾಮಾನ್ಯವಾಗಿ ಆದಾಯದ ಶೇ 85ರಷ್ಟನ್ನು ಆ ವರ್ಷವೇ ಖರ್ಚು ಮಾಡಬೇಕು. 42,000ದಲ್ಲಿ ನೀವು ಉಳಿಸಬಹುದಾದ್ದು 6,300 ಅಷ್ಟೇ. ಅಮ್ಮ ಕಲಿಸಿದ ಶಾಲೆಗೆ ಹಳೆಯ ವಿದ್ಯಾರ್ಥಿಗಳ ನೋಂದಾಯಿತ ಸಂಘವೋ ಟ್ರಸ್ಟೋ ಇದ್ದರೆ ಅಲ್ಲೇ ದತ್ತಿ ಇಡಿ. ಶೇ 85ರ ನಿಯಮ ಅವರಿಗೂ ಇರಬಹುದು, ಬಡ್ಡಿಯಲ್ಲಿ ಎಷ್ಟು ಉಳಿಸಲು ಆಗುತ್ತದೆ ಅಂತ ಮೊದಲೇ ಕೇಳಿಕೊಳ್ಳಿ. 'ಇದು ಕಾರ್ಪಸ್ ದೇಣಿಗೆ, ಅಸಲು ಮುಟ್ಟಬಾರದು, ಬಡ್ಡಿಯಲ್ಲಿ ಇಂತಿಷ್ಟು ಅಸಲಿಗೆ ಸೇರಿಸಬೇಕು' ಅಂತ ಪತ್ರ ಬರೆದುಕೊಟ್ಟು, ಸಹಿ ಮಾಡಿದ ಪ್ರತಿ ಇಟ್ಟುಕೊಳ್ಳಿ. ಠೇವಣಿ ಸಂಘದ ಹೆಸರಿನಲ್ಲಿರಲಿ, ಕಾರ್ಯದರ್ಶಿಯ ಸ್ವಂತ ಹೆಸರಿನಲ್ಲಿ ಖಂಡಿತ ಬೇಡ. ಆ ಬ್ಯಾಂಕುಗಳಲ್ಲಿ ಸಂಘದ ಬೇರೆ ಠೇವಣಿ ಇದೆಯಾ ಅಂತಲೂ ಕೇಳಿ. ವಿಮೆಗೆ ಒಂದು ಬ್ಯಾಂಕಿನಲ್ಲಿರುವ ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ.

ದೇಣಿಗೆಗೆ ತೆರಿಗೆ ರಿಯಾಯಿತಿ ಕೊಡಿಸುವ ಮಾನ್ಯತೆ (80ಜಿ ಅಂತ ಹೆಸರಾದದ್ದು) ಇರುವ ಸಂಸ್ಥೆಯಾದರೆ ನಿಮಗೂ ತೆರಿಗೆ ಉಳಿಯುತ್ತದೆ, ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ. ನಗದು ಕೊಡಬೇಡಿ, 2,000 ದಾಟಿದ ನಗದಿಗೆ ಆ ರಿಯಾಯಿತಿ ಇಲ್ಲ.