ಒಂದ್ಸಲ ಒತ್ತಿದ್ರೆ 'ಇ' ಎರಡು ಬೀಳೋ ಹೊಸ ವೈರ್‌ಲೆಸ್ ಮೆಕ್ಯಾನಿಕಲ್ ಕೀಬೋರ್ಡ್ (ಪ್ರತಿ ಕೀಗೂ ಬೇರೆ ಸ್ವಿಚ್ ಇರೋದು), ಇಟ್ಕೊಳ್ಳೋದಾ ವಾಪಸ್ಸಾ?
ಬ್ಲೂಟೂತ್‌ಗಿಂತ 'ಇ' ಕೀ ಕೆಳಗಿನ ಸ್ವಿಚ್ ಒಳಗೆ ತಾಗೋ ಲೋಹದ ಕಾಂಟ್ಯಾಕ್ಟ್ ಮೇಲೇ ನಂಗೆ ಅನುಮಾನ, ತೀರ್ಥಹಳ್ಳಿ ಮಳೇಲಿ ಬೀರು ಒಳಗಿನ ಬೆಲ್ಟಿಗೇ ಬೂಷ್ಟು ಹಿಡಿಯತ್ತೆ, ಥಂಡಿಯಿಂದನೂ ಇರಬಹುದು, ಸ್ವಿಚ್ಚೇ ಕೆಟ್ಟು ಬಂದಿರಲೂಬಹುದು. ಮೊದಲು ಕೇಬಲ್ ಹಾಕಿ ವೈರ್ಡ್ ಮೋಡಲ್ಲಿ ಒಂದು ಪುಟ ಟೈಪ್ ಮಾಡಿ. ಆಗ ಸರಿಯಾದ್ರೆ ಸಿಗ್ನಲ್ ತೊಂದರೆ, 2.4 ಗಿಗಾಹರ್ಟ್ಜ್ ಡಾಂಗಲ್ (ಕಂಪ್ಯೂಟರ್‌ಗೆ ಚುಚ್ಚೋ ಪುಟ್ಟ ರಿಸೀವರ್) ಬಳಸ್ತಿದ್ರೆ ಅದನ್ನ ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಪಕ್ಕದಿಂದ ದೂರ ಇಡಿ. ಕೇಬಲಲ್ಲೂ ಎರಡು ಬಿದ್ರೆ, ಹಾಟ್‌ಸ್ವಾಪ್ (ಬೆಸುಗೆ ಇಲ್ಲದೆ ಸ್ವಿಚ್ ಕಿತ್ತು ಹಾಕೋಕಾಗೋ ಬೋರ್ಡ್) ಆಗಿದ್ರೆ ಮಾತ್ರ, 'ಇ' ಸ್ವಿಚ್ಚನ್ನೂ 'ಪೇಜ್ ಅಪ್' ಸ್ವಿಚ್ಚನ್ನೂ ಅದಲುಬದಲು ಮಾಡಿ, ನೇರವಾಗಿ ಒತ್ತಿ ಕೂರಿಸಿ, ಆ ತೆಳು ತಾಮ್ರದ ಪಿನ್ ಸ್ವಲ್ಪ ಓರೆಯಾದ್ರೂ ಮಡಚಿ ಹೋಗತ್ತೆ. ತೊಂದರೆ 'ಪೇಜ್ ಅಪ್'ಗೆ ಹೋದ್ರೆ ಸ್ವಿಚ್ ಒಂದೇ ಬದಲಾಯಿಸಿದ್ರೆ ಸಾಕು. 'ಇ'ನಲ್ಲೇ ಉಳಿದ್ರೆ, ಅಥವಾ ಬೆಸುಗೆ ಹಾಕಿರೋ ಬೋರ್ಡಾದ್ರೆ, ರಿಟರ್ನ್ ದಿನ ಮುಗಿಯೋದ್ರೊಳಗೆ ವಾಪಸ್ ಕಳಿಸಿಬಿಡಿ.